ಒಂದು ಹಾಳೆಯ ಮೇಲೆ ಒಂದು ಮನೆತನ

ಭಾವಚಿತ್ರವೆಂದರೆ ಮುಖದ ನಕಲು ಎಂದು ಸಾಮಾನ್ಯವಾಗಿ ನಾವೆಲ್ಲರೂ ತಿಳಿದಿರುತ್ತೇವೆ. ಮೂಗು ಮೂಗಿನಂತೆಯೂ ಕಣ್ಣು ಕಣ್ಣಿನಂತೆಯೂ ಇದ್ದರೆ ಚಿತ್ರಕಾರನು ಸಮರ್ಥನೆಂದು ಹೊಗಳಿ, ಅಲ್ಲಿಗೆ ನೋಡುವ ಕೆಲಸವನ್ನು ಮುಗಿಸಿಬಿಡುತ್ತೇವೆ. ಆದರೆ ಚಿತ್ರಕಾರನು ಎಂದೂ ಕಾಣದವರ ಮುಖವನ್ನು, ತನ್ನ ತಾತನ ಹುಟ್ಟಿಗೂ ಮೊದಲೇ ಮಣ್ಣಾದವರ ಮುಖವನ್ನು ಬರೆಯಬೇಕಾಗಿ ಬಂದರೆ ಏನು ಮಾಡಬೇಕು? ಅಂತಹವರನ್ನು ಬದುಕಿರುವವರ ಜೊತೆಗೆ ಒಂದೇ ಸಭೆಯಲ್ಲಿ ಕೂರಿಸಬೇಕಾದರೆ? ಈ ಪ್ರಶ್ನೆಗೆ ಹದಿನೇಳನೆಯ ಶತಮಾನದಲ್ಲಿ ಕನ್ನಡ ನಾಡಿನ ಇಬ್ಬರು ಚಿತ್ರಕಾರರು ಕೊಟ್ಟ ಉತ್ತರವನ್ನು ನಮ್ಮ ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಆ ಚಿತ್ರಕಾರರ ಹೆಸರು ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್. ಅವರ ಊರು ಬಿಜಾಪುರ. ೨೦೧೪ರಿಂದ ಅದರ ಅಧಿಕೃತ ಹೆಸರು ವಿಜಯಪುರ. ಸುಮಾರು ೧೬೮೦ರಲ್ಲಿ ಅವರು ಬರೆದ ಚಿತ್ರವು ೧೯೮೨ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವನ್ನು ಸೇರಿತು. 'ಬಿಜಾಪುರದ ಮನೆತನ' ಎಂಬ ಅರ್ಥದ ಹೆಸರಿನಿಂದ ಅದನ್ನು ಅಲ್ಲಿ ಕರೆಯುತ್ತಾರೆ. ಕಾಗದದ ಮೇಲೆ ಮಸಿ, ಬಣ್ಣ, ಚಿನ್ನ ಮತ್ತು ಬೆಳ್ಳಿಗಳಿಂದ ಬರೆದ ಈ ಚಿತ್ರದ ಎತ್ತರ ಸುಮಾರು ೪೧ ಸೆಂಟಿಮೀಟರ್, ಅಗಲ ಸುಮಾರು ೩೧ ಸೆಂಟಿಮೀಟರ್. ಶಾಲೆಯ ಹಾಜರಿ ಪುಸ್ತಕವನ್ನು ಬಿಚ್ಚಿಟ್ಟರೆ ಎಷ್ಟು ಜಾಗ ಹಿಡಿದೀತೋ ಅದಕ್ಕಿಂತ ಹೆಚ್ಚಿನದಲ್ಲ. ಅಷ್ಟು ಜಾಗದಲ್ಲಿ ಒಂದು ರಾಜವಂಶದ ಸುಮಾರು ಇನ್ನೂರು ವರ್ಷಗಳ ಚರಿತ್ರೆಯು ಕುಳಿತಿದೆ.

ನೀಲಗಿರಿಯ ತಪ್ಪಲಿನಲ್ಲಿರುವ ನಮಗೂ ಆ ಬಿಜಾಪುರಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಗೂಡಲೂರು, ಮಸಿನಗುಡಿ, ಉದಕಮಂಡಲಗಳ ಸುತ್ತಲಿನ ಕನ್ನಡಿಗರಿಗೆ ಗುಂಡ್ಲುಪೇಟೆಯ ದಾರಿಯಾಗಿ ಮೈಸೂರು ಹತ್ತಿರ. ಕೃಷ್ಣೆಯ ಆಚೆಯ ಊರು ಬಹು ದೂರ. ಆದರೂ ನಾಡಿನ ಹೊರಗೆ ಇದ್ದು ನಾಡಿನವರಾಗಿಯೇ ಉಳಿಯುವುದು ಹೇಗೆಂಬ ಪ್ರಶ್ನೆ ನಮ್ಮದೂ ಹೌದು, ಈ ಚಿತ್ರದ್ದೂ ಹೌದು. ಆ ಕಾರಣಕ್ಕಾಗಿ ಇದನ್ನು ನಾವು ನಮ್ಮ ಮನೆಯ ವಿಷಯವೆಂದೇ ಭಾವಿಸಿ ಬರೆಯುತ್ತಿದ್ದೇವೆ.

ಚಿತ್ರದಲ್ಲಿ ಇರುವುದೇನು?

ಚಿತ್ರದ ನಡುವೆ ಆದಿಲಶಾಹಿ ವಂಶದ ಮೂಲಪುರುಷನಾದ ಯೂಸುಫ್ ಆದಿಲಖಾನನಿದ್ದಾನೆ. ೧೪೯೦ರಲ್ಲಿ, ಬಹಮನಿ ರಾಜ್ಯವು ಒಡೆಯುತ್ತಿದ್ದ ಕಾಲದಲ್ಲಿ, ಬಿಜಾಪುರದಲ್ಲಿ ಸ್ವತಂತ್ರನಾಗಿ ಆಳತೊಡಗಿದವನು ಅವನು. ಅವನಿಗೆ ಇರಾನಿನ ದೊರೆ ಶಾ ಇಸ್ಮಾಯಿಲನು ಒಂದು ಬೀಗದ ಕೈಯನ್ನು ನೀಡುತ್ತಿದ್ದಾನೆ. ಯೂಸುಫನ ತರುವಾಯ ಆಳಿದವರು ಇಕ್ಕೆಲಗಳಲ್ಲಿ ಆಸೀನರಾಗಿದ್ದಾರೆ. ೧೫೬೫ರ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರದ ವಿರುದ್ಧ ನಿಂತ ಸುಲ್ತಾನರಲ್ಲಿ ಒಬ್ಬನಾದ ಒಂದನೆಯ ಅಲಿ, ಸಂಗೀತಗಾರನೆಂದು ಹೆಸರಾದ ಎರಡನೆಯ ಇಬ್ರಾಹಿಂ, ಗೋಲಗುಮ್ಮಟವನ್ನು ಕಟ್ಟಿಸಿದ ಮುಹಮ್ಮದ್, ಅವನ ಮಗ ಎರಡನೆಯ ಅಲಿ — ಇವರೆಲ್ಲರೂ ಒಂದೇ ಸಭೆಯಲ್ಲಿದ್ದಾರೆ. ಒಂದು ತುದಿಯಲ್ಲಿ ಇನ್ನೂ ಮೀಸೆ ಮೂಡದ ಒಬ್ಬ ಹುಡುಗನಿದ್ದಾನೆ. ಅವನು ಸಿಕಂದರ್; ಚಿತ್ರವನ್ನು ಬರೆದಾಗ ಸಿಂಹಾಸನದಲ್ಲಿದ್ದವನು ಅವನೇ.

ಇವರೆಲ್ಲರೂ ಒಂದೆಡೆ ಸೇರಿದ್ದು ಎಂದೂ ಇಲ್ಲ, ಸೇರುವುದು ಸಾಧ್ಯವೂ ಇರಲಿಲ್ಲ. ಯೂಸುಫನು ೧೫೧೦ರಲ್ಲಿ ಕಾಲವಾದನು; ಸಿಕಂದರನು ಪಟ್ಟಕ್ಕೆ ಬಂದದ್ದು ೧೬೭೨ರಲ್ಲಿ. ನಡುವೆ ನೂರ ಅರವತ್ತೆರಡು ವರ್ಷಗಳ ಅಂತರ. ಚಿತ್ರದಲ್ಲಿ ಆ ಅಂತರವು ಕಾಣುವುದಿಲ್ಲ. ಮುತ್ತಾತ ಮರಿಮಕ್ಕಳೆಂಬ ಭೇದವಿಲ್ಲದೆ ಎಲ್ಲರೂ ತಂತಮ್ಮ ತುಂಬು ವಯಸ್ಸಿನಲ್ಲಿಯೇ ಇದ್ದಾರೆ. ಹುಡುಗನೊಬ್ಬನು ಮಾತ್ರ ಹುಡುಗನಾಗಿದ್ದಾನೆ.

ಕಾಣದ ಮುಖವನ್ನು ಬರೆಯುವ ವಿದ್ಯೆ

ಹಿಂದಿನ ದಿನಗಳಲ್ಲಿ ನಮ್ಮ ಕಡೆಯ ಪಟ್ಟಣಗಳಲ್ಲಿಯೂ ಇಂತಹ ಒಂದು ಕೆಲಸ ನಡೆಯುತ್ತಿದ್ದುದನ್ನು ಹಿರಿಯರು ಬಲ್ಲರು. ಮನೆಯ ಯಜಮಾನರು ತೀರಿಕೊಂಡ ಎಷ್ಟೋ ವರ್ಷಗಳ ಬಳಿಕ ಮಕ್ಕಳು ಯಾವುದೋ ಮದುವೆಯ ಗುಂಪಿನ ಪಟದಲ್ಲಿ ಉಗುರಿನಷ್ಟು ಕಾಣುತ್ತಿದ್ದ ತಂದೆಯ ಮುಖವನ್ನು ತೋರಿಸಿ, ಅದನ್ನು ದೊಡ್ಡದು ಮಾಡಿ ತಾಯಿಯ ಪಕ್ಕದಲ್ಲಿ ಕೂರಿಸಿಕೊಡಿ ಎಂದು ಸ್ಟುಡಿಯೋದವರನ್ನು ಕೇಳುತ್ತಿದ್ದರು. ಕೋಟು, ಪೇಟ, ಕುರ್ಚಿ ಎಲ್ಲವನ್ನೂ ಚಿತ್ರಕಾರನೇ ಕೈಯಿಂದ ತಿದ್ದಿ ಕೂಡಿಸುತ್ತಿದ್ದನು. ಅಂತಹ ಪಟವನ್ನು ಸುಳ್ಳೆಂದು ಯಾರೂ ಜರಿಯಲಿಲ್ಲ. ಅದು ಒಂದು ದಿನದ ಘಟನೆಯ ದಾಖಲೆಯಾಗಿರಲಿಲ್ಲ, ಒಂದು ಸಂಬಂಧದ ದಾಖಲೆಯಾಗಿತ್ತು.

ಬಿಜಾಪುರದ ಚಿತ್ರಕಾರರಿಗೂ ಮೂಲದ ಮುಖ ಬೇಕಾಗಿತ್ತು. ಅದನ್ನು ಒದಗಿಸುತ್ತಿದ್ದುದು ಚಿತ್ರಶಾಲೆ. ಆಗಿನ ಆಸ್ಥಾನಗಳ ಚಿತ್ರಶಾಲೆಯಲ್ಲಿ ಹಳೆಯ ಚಿತ್ರಗಳ ಪ್ರತಿಗಳನ್ನು ಜೋಪಾನ ಮಾಡಿ ಇಡುವ ಪದ್ಧತಿಯಿತ್ತು. ಆಚೆಯ ಬದಿ ಕಾಣುವಷ್ಟು ತೆಳುವಾಗಿ ಹದ ಮಾಡಿದ ಜಿಂಕೆಯ ಚರ್ಮವನ್ನು ಮೂಲಚಿತ್ರದ ಮೇಲಿಟ್ಟು ರೇಖೆಗಳನ್ನು ಎತ್ತಿಕೊಳ್ಳುತ್ತಿದ್ದರು. ಆ ರೇಖೆಗಳ ಉದ್ದಕ್ಕೂ ಸೂಜಿಯಿಂದ ಚುಚ್ಚಿ, ಹೊಸ ಕಾಗದದ ಮೇಲಿರಿಸಿ, ಇದ್ದಲಿನ ಪುಡಿಯ ಸಣ್ಣ ಗಂಟನ್ನು ಮೇಲೆ ತಟ್ಟಿದರೆ ಚುಕ್ಕೆಚುಕ್ಕೆಯಾಗಿ ಆಕೃತಿಯು ಕೆಳಗೆ ಇಳಿಯುತ್ತಿತ್ತು. ತೂತು ಹೊಡೆದ ತಗಡಿನ ಅಚ್ಚಿನಿಂದ ಅಂಗಳದಲ್ಲಿ ರಂಗೋಲಿ ಬಿಡಿಸುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹೀಗೆ ಒಬ್ಬ ದೊರೆಯ ಗಡ್ಡದ ಆಕಾರ, ಹುಬ್ಬಿನ ಬಾಗು, ಪೇಟದ ಸುತ್ತು ಇವು ತಲೆಮಾರಿನಿಂದ ತಲೆಮಾರಿಗೆ ಚಿತ್ರಕಾರರ ಕೈಯಲ್ಲಿಯೇ ಸಾಗಿ ಬರುತ್ತಿದ್ದವು.

ಇನ್ನು ಸಾಮಗ್ರಿಗಳ ವಿಷಯ. ಚಿಂದಿ ಬಟ್ಟೆಯ ತಿರುಳಿನಿಂದ ಮಾಡಿದ ಕಾಗದಕ್ಕೆ ಅಂಟು ಬಳಿದು, ನುಣುಪಾದ ಅಗೇಟು ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತರಿಸುತ್ತಿದ್ದರು. ಅಳಿಲಿನ ಬಾಲದ ಕೂದಲಿನಿಂದ ಕುಂಚವನ್ನು ಕಟ್ಟುತ್ತಿದ್ದರು. ರೆಪ್ಪೆಯ ಕೂದಲನ್ನು ಬರೆಯುವ ಕುಂಚದ ತುದಿಯಲ್ಲಿ ಒಂದೆರಡು ಎಳೆಗಳಿದ್ದರೆ ಹೆಚ್ಚು. ಕಪ್ಪಿಗೆ ದೀಪದ ಕಾಡಿಗೆ, ಹಳದಿಗೆ ಹರಿತಾಳ, ಕೆಂಪಿಗೆ ಇಂಗಳೀಕ, ನೀಲಿಗೆ ನೀಲಿಗಿಡದ ಸಾರ. ಇನ್ನೂ ಗಾಢವಾದ ನೀಲಿ ಬೇಕಾದರೆ ಆಫ್ಘಾನಿಸ್ತಾನದ ಬದಕ್ಷಾನ್ ಬೆಟ್ಟಗಳಿಂದ ಬರುತ್ತಿದ್ದ ರಾಜಾವರ್ತದ ಕಲ್ಲನ್ನು ಅರೆದ ಪುಡಿ. ಇವೆಲ್ಲವನ್ನೂ ಅಂಟಿನ ನೀರಿನಲ್ಲಿ ಕಲಸಿ ಪದರ ಪದರವಾಗಿ ಹಚ್ಚಿ, ಒಣಗಿದ ಬಳಿಕ ಕಾಗದವನ್ನು ಮಗುಚಿ ಹಿಂಬದಿಯಿಂದ ಉಜ್ಜುತ್ತಿದ್ದರು. ಆಗ ಬಣ್ಣವು ಕಾಗದದ ಮೇಲೆ ಕುಳಿತಂತೆ ಕಾಣದೆ ಕಾಗದದೊಳಗಿನಿಂದಲೇ ಹೊಮ್ಮಿದಂತೆ ಕಾಣುತ್ತಿತ್ತು. ಚಿನ್ನದ ತಗಡನ್ನು ನುಣ್ಣಗೆ ಅರೆದು ಹಚ್ಚುವುದು ಕೊನೆಯ ಹಂತಗಳ ಕೆಲಸ. ಬಿಜಾಪುರದ ಚಿತ್ರಕಾರರು ಚಿನ್ನವನ್ನು ಧಾರಾಳವಾಗಿ ಬಳಸಿದವರು. ತಿಳಿಗೆಂಪು, ನೇರಳೆಯ ನಸುಛಾಯೆಗಳ ನಡುವೆ ಅದನ್ನು ಬೆಳಗಿಸುವುದು ದಕ್ಕನಿ ಚಿತ್ರಕಲೆಯ ಗುರುತೇ ಆಗಿತ್ತು.

ಒಬ್ಬನೇ ಎಲ್ಲವನ್ನೂ ಮಾಡಬೇಕೆಂಬ ನಿಯಮವೂ ಆ ಕಾಲದಲ್ಲಿ ಇರಲಿಲ್ಲ. ಅಕ್ಬರನ ಚಿತ್ರಶಾಲೆಯಲ್ಲಿ ರೇಖೆ ಹಾಕುವವನೊಬ್ಬ, ಬಣ್ಣ ತುಂಬುವವನೊಬ್ಬ, ಮುಖವನ್ನು ಮಾತ್ರ ಬರೆಯುವ ನಿಪುಣನು ಮತ್ತೊಬ್ಬ ಎಂಬ ವಿಂಗಡಣೆಯಿತ್ತು. ಬಿಜಾಪುರದ ಈ ಚಿತ್ರಕ್ಕೂ ಇಬ್ಬರ ಹೆಸರಿದೆ. ಹಲವರ ದುಡಿಮೆಯಿಂದ ಒಂದು ಕೃತಿಯಾಗುವುದು ದೇವಾಲಯದಲ್ಲಿ ಹೇಗೋ, ಹಾಳೆಯ ಮೇಲೆಯೂ ಹಾಗೆಯೇ.

ಒಂದು ಮುಖದ ಹಿಂದಿನ ದಾರಿ

ಈ ಸಭೆಯಲ್ಲಿರುವವರ ಪೈಕಿ ಎರಡನೆಯ ಇಬ್ರಾಹಿಮನ ಮುಖವನ್ನು ಕುರಿತು ಎರಡು ಮಾತು ಹೇಳಲೇಬೇಕು. ಚಿತ್ರಕಾರನ ಕಸುಬೆಂದರೇನು ಎಂಬುದು ಅಲ್ಲಿ ಸ್ಪಷ್ಟವಾಗುತ್ತದೆ. ಒಂಬತ್ತು ವರ್ಷದ ಬಾಲಕನಾಗಿ ೧೫೮೦ರಲ್ಲಿ ಪಟ್ಟವೇರಿದ ಈ ದೊರೆಯು ೧೬೨೭ರವರೆಗೆ ಆಳಿದನು. ಹಾಡು, ವಾದ್ಯ, ಚಿತ್ರ ಈ ಮೂರರಲ್ಲಿಯೂ ಅವನಿಗೆ ಪರಿಶ್ರಮವಿತ್ತು. ದಖನಿ ಭಾಷೆಯಲ್ಲಿ ಅವನು ರಚಿಸಿದ ಗೀತೆಗಳ ಸಂಗ್ರಹವು 'ಕಿತಾಬೆ ನೌರಸ್' ಎಂದು ಪ್ರಸಿದ್ಧವಾಗಿದೆ. ಅದರಲ್ಲಿ ಸರಸ್ವತಿಯ ಮತ್ತು ಗಣಪತಿಯ ಸ್ತುತಿಗಳೂ ಇವೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದನು. ಪ್ರಜೆಗಳು ಅವನನ್ನು 'ಜಗದ್ಗುರು' ಎಂದು ಕರೆದರು.

ಇಂತಹ ಮನುಷ್ಯನನ್ನು ಚಿತ್ರಕಾರರು ಹೇಗೆ ಬರೆದರು? ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿ ಸುಮಾರು ೧೬೧೫ರ ಒಂದು ಭಾವಚಿತ್ರವಿದೆ. ಅದರಲ್ಲಿ ಸುಲ್ತಾನನ ಕೈಯಲ್ಲಿರುವುದು ಕತ್ತಿಯಲ್ಲ, ತಾಳ ಹಾಕುವ ಕರತಾಳ. ಜೆಕ್ ದೇಶದ ಪ್ರಾಗ್ ನಗರದಲ್ಲಿರುವ ಮತ್ತೊಂದು ಚಿತ್ರವನ್ನು ಫರ್ರುಖ್ ಬೇಗನೆಂಬ ಹೆಸರಾಂತ ಚಿತ್ರಕಾರನು ಬರೆದನು. ಅದರಲ್ಲಿ ಸುಲ್ತಾನನು ಕುಳಿತು ತಂಬೂರಿ ನುಡಿಸುತ್ತಿದ್ದಾನೆ. ಅವನ ಕೆಲವು ಭಾವಚಿತ್ರಗಳಲ್ಲಿ ಕೊರಳಿಗೆ ರುದ್ರಾಕ್ಷಿಯ ಮಾಲೆಯೂ ಉಂಟು. ದೊರೆಯೆಂದು ತಿಳಿಸಲು ಕಿರೀಟ ಖಡ್ಗಗಳೇ ಬೇಕೆಂದು ಆ ಚಿತ್ರಕಾರರು ಭಾವಿಸಲಿಲ್ಲ. ಮನುಷ್ಯನು ಯಾವುದನ್ನು ಪ್ರೀತಿಸುತ್ತಾನೋ ಅದನ್ನು ಅವನ ಕೈಗೆ ಕೊಟ್ಟರು. ಭಾವಚಿತ್ರವನ್ನು ನೋಡುವಾಗ ಮುಖದಷ್ಟೇ ಗಮನವಿಟ್ಟು ಕೈಗಳನ್ನೂ ನೋಡಿರೆಂದು ನಾವು ಶಾಲೆಯ ಮಕ್ಕಳಿಗೆ ಹೇಳುವುದು ಈ ಕಾರಣದಿಂದಲೇ. ಮುಖವನ್ನು ವಿಧಿ ಕೊಟ್ಟಿರುತ್ತದೆ. ಕೈಯಲ್ಲಿ ಇರುವುದನ್ನು ಆರಿಸುವವರು ಆ ಮನುಷ್ಯ ಮತ್ತು ಚಿತ್ರಕಾರ.

ಆ ಆಸ್ಥಾನದ ಕೀರ್ತಿ ಎಷ್ಟು ದೂರ ಹಬ್ಬಿತ್ತೆಂದರೆ, ಹಾಲೆಂಡಿನ ಹಾರ್ಲೆಮ್ ಪಟ್ಟಣದ ಕಾರ್ನೆಲಿಸ್ ಹೇಡಾ ಎಂಬ ಚಿತ್ರಕಾರನೂ ಇಬ್ರಾಹಿಮನ ಸೇವೆಯಲ್ಲಿದ್ದು, ೧೬೨೨ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದನು. ಇದೇ ಇಬ್ರಾಹಿಮನು ಆಳುತ್ತಿದ್ದಾಗ, ೧೬೦೩ರಲ್ಲಿ, ಇಟಲಿಯ ಪಾದ್ರಿ ಫೆನೀಚಿಯೋ ಕಲ್ಲಿಕೋಟೆಯ ಕಡೆಯಿಂದ ನಮ್ಮ ನೀಲಗಿರಿಯನ್ನು ಹತ್ತಿ ಬಂದು ಇಲ್ಲಿನ ತೊದವರನ್ನೂ ಬಡಗರನ್ನೂ ಕುರಿತು ಬರೆದನು. ಹೀಗೆ ನಮ್ಮ ಬೆಟ್ಟದ ಹಿರಿಯರ ವಿಷಯದಲ್ಲಿ ಆ ಕಾಲದ ಕೆಲವು ಮಾತುಗಳು ಉಳಿದಿವೆ, ಮುಖಗಳು ಉಳಿದಿಲ್ಲ. ಭಾವಚಿತ್ರವೆಂಬುದು ಅಂದು ಅರಮನೆಯ ಸೊತ್ತಾಗಿತ್ತು, ಹಟ್ಟಿಗಳಿಗೆ ದೊರೆಯುವ ಭಾಗ್ಯವಾಗಿರಲಿಲ್ಲ.

ಬೀಗದ ಕೈಯ ಅರ್ಥ

ವಂಶದವರೆಲ್ಲರನ್ನೂ ಒಂದೇ ಸಭೆಯಲ್ಲಿ ಕೂರಿಸುವ ಕಲ್ಪನೆ ಬಿಜಾಪುರದವರದೇ ಅಲ್ಲ. ಮೊಗಲರು ಅದನ್ನು ಮೊದಲೇ ಬಳಸಿದ್ದರು. ಹುಮಾಯೂನನ ಕಾಲದಲ್ಲಿ, ಸುಮಾರು ೧೫೫೦ರಿಂದ ೧೫೫೫ರ ನಡುವೆ, ಹತ್ತಿಯ ಬಟ್ಟೆಯ ಮೇಲೆ ಬರೆದ ತೈಮೂರನ ಮನೆತನದ ಒಂದು ದೊಡ್ಡ ಚಿತ್ರವಿದೆ; ಅದರೊಳಗೆ ಮುಂದಿನ ತಲೆಮಾರಿನವರು ತಮ್ಮವರ ಮುಖಗಳನ್ನೂ ಸೇರಿಸುತ್ತ ಹೋದರು. ಷಾಜಹಾನನ ಆಸ್ಥಾನದ ಬಿಚಿತ್ರ್ ಎಂಬ ಚಿತ್ರಕಾರನು ಸುಮಾರು ೧೬೩೦ರಲ್ಲಿ ಬರೆದ ಚಿತ್ರದಲ್ಲಿ, ಎಂದೋ ತೀರಿಹೋಗಿದ್ದ ಅಕ್ಬರನು ಮೊಮ್ಮಗ ಷಾಜಹಾನನ ಕೈಗೆ ಕಿರೀಟವನ್ನು ಕೊಡುತ್ತಾನೆ.

ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದರು ಈ ಮಾದರಿಯನ್ನು ತೆಗೆದುಕೊಂಡರು, ಆದರೆ ಕಿರೀಟದ ಜಾಗದಲ್ಲಿ ಬೀಗದ ಕೈಯನ್ನಿಟ್ಟರು. ಕೊಡುವವನು ದೆಹಲಿಯವನಲ್ಲ, ಇರಾನಿನವನು. ಯೂಸುಫನೂ ಶಾ ಇಸ್ಮಾಯಿಲನೂ ಸಮಕಾಲೀನರು. ಸುಮಾರು ೧೫೦೨ರಲ್ಲಿ ಯೂಸುಫನು ಇರಾನಿನ ಶಿಯಾ ಪಂಥವನ್ನೇ ತನ್ನ ರಾಜ್ಯದ ಪಂಥವೆಂದು ಸಾರಿದ್ದನು. ಮುಂದೆ ಅವನ ವಂಶದಲ್ಲಿ ಕೆಲವರು ಸುನ್ನಿ ಪಂಥವನ್ನು ಹಿಡಿದರು, ಕೆಲವರು ಮರಳಿ ಶಿಯಾ ಪಂಥಕ್ಕೆ ಬಂದರು. ಆ ಏರಿಳಿತಗಳು ಚಿತ್ರದಲ್ಲಿಲ್ಲ. ಮೊಗಲರ ಸೈನ್ಯವು ಉತ್ತರದಿಂದ ಒತ್ತಿ ಬರುತ್ತಿದ್ದ ದಿನಗಳಲ್ಲಿ, 'ನಮ್ಮ ಅಧಿಕಾರವು ನಿಮ್ಮಿಂದ ಬಂದದ್ದಲ್ಲ, ಅದಕ್ಕೆ ಬೇರೆಯ ಮೂಲವುಂಟು' ಎಂದು ಮೊಗಲರದೇ ಚಿತ್ರಪದ್ಧತಿಯಲ್ಲಿ ಮೊಗಲರಿಗೆ ಹೇಳಿದ ಮಾತು ಅದೆಂದು ನಾವು ಓದುತ್ತೇವೆ.

ಚಿತ್ರದಲ್ಲಿ ಇಲ್ಲದವರನ್ನೂ ನೆನೆಯಬೇಕು. ಬಾಲಕ ಇಬ್ರಾಹಿಮನ ಪರವಾಗಿ ರಾಜ್ಯಭಾರವನ್ನು ಹೊತ್ತವಳು ಒಂದನೆಯ ಅಲಿಯ ವಿಧವೆ ಚಾಂದಬೀಬಿ. ಮುಂದೆ ೧೫೯೫–೯೬ರಲ್ಲಿ ತನ್ನ ತವರಾದ ಅಹಮದ್‌ನಗರದ ಕೋಟೆಯನ್ನು ಅಕ್ಬರನ ಸೈನ್ಯದಿಂದ ಕಾಪಾಡಿದ ವೀರವನಿತೆಯೂ ಅವಳೇ. ಸುಲ್ತಾನರ ಈ ಸಾಲಿನಲ್ಲಿ ಅವಳಿಗೆ ಆಸನವಿಲ್ಲ. ಮನೆಯನ್ನು ನಿಲ್ಲಿಸಿದವರು ಮನೆಯ ಪಟದಲ್ಲಿ ಇರುವುದಿಲ್ಲವೆಂಬುದು ಅರಮನೆಗೆ ಮಾತ್ರ ಸಲ್ಲುವ ಮಾತಲ್ಲ.

ಶ್ರೀರಂಗಪಟ್ಟಣದ ಕಲ್ಲಿನ ದೊರೆ

ಇಲ್ಲಿ ನಮ್ಮ ಓದುಗರಿಗೆ ಹತ್ತಿರದ ಇನ್ನೊಂದು ಭಾವಚಿತ್ರವನ್ನು ಹೋಲಿಕೆಗಾಗಿ ನೆನಪಿಸುತ್ತೇವೆ. ಮುಹಮ್ಮದ್ ಆದಿಲಶಾಹನ ಸೇನಾಪತಿ ರಣದುಲ್ಲಾಖಾನನು ಸುಮಾರು ೧೬೩೯ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದಾಗ ಅವನನ್ನು ಹಿಮ್ಮೆಟ್ಟಿಸಿದವರು ಮೈಸೂರಿನ ಕಂಠೀರವ ನರಸರಾಜ ಒಡೆಯರು. ೧೬೩೮ರಿಂದ ೧೬೫೯ರವರೆಗೆ ಆಳಿದ ಆ ಒಡೆಯರು ಕಟ್ಟಿಸಿದ ಶ್ರೀರಂಗಪಟ್ಟಣದ ನರಸಿಂಹಸ್ವಾಮಿ ದೇವಾಲಯದಲ್ಲಿ ಅವರದೇ ಶಿಲಾಮೂರ್ತಿಯಿದೆ. ನಿಲುವಂಗಿ ತೊಟ್ಟು, ಆಯುಧವನ್ನು ಪಕ್ಕಕ್ಕೆ ಸಿಕ್ಕಿಸಿ, ಎರಡೂ ಕೈಗಳನ್ನು ಮುಗಿದು ನಿಂತ ಮೂರ್ತಿ ಅದು. ರಣಧೀರನೆಂದು ಹೆಸರಾದವನನ್ನು ಶಿಲ್ಪಿಯು ಭಕ್ತನ ಭಂಗಿಯಲ್ಲಿ ಕಡೆದನು. ಇಲ್ಲಿಯೂ ಮನುಷ್ಯನ ಅಂತರಂಗವನ್ನು ಹೇಳುವುದು ಕೈಗಳೇ.

ಬಿಜಾಪುರದ ಹಾಳೆ ಮತ್ತು ಶ್ರೀರಂಗಪಟ್ಟಣದ ಕಲ್ಲು, ಎರಡೂ ಒಂದೇ ಶತಮಾನದವು. ಪರಸ್ಪರ ಕಾದಾಡಿದ ಎರಡು ರಾಜ್ಯಗಳವು. ಕಲ್ಲಿನ ಪೀಠದ ಮೇಲೆ ದೊರೆಯ ಹೆಸರನ್ನು ಕೊರೆಯಲಾಗಿದೆ; ಆದುದರಿಂದ ಆ ಮುಖ ಯಾರದೆಂಬ ಸಂದೇಹ ಇಂದಿಗೂ ಇಲ್ಲ. ಕಡೆದ ಶಿಲ್ಪಿಯ ಹೆಸರು ಲೋಕಕ್ಕೆ ತಿಳಿಯದು. ಬಿಜಾಪುರದ ಹಾಳೆಯಾದರೋ ಬರೆದವರ ಹೆಸರನ್ನೂ ಕಾಪಾಡಿಕೊಂಡು ಬಂದಿದೆ. ಮೈಸೂರಿಗೆ ಹೋಗುವ ನಮ್ಮ ಕುಟುಂಬಗಳು ಇನ್ನೊಂದಿಷ್ಟು ಮುಂದೆ ಸಾಗಿ ಆ ಮೂರ್ತಿಯ ಎದುರಿನಲ್ಲಿ ಮಕ್ಕಳನ್ನು ನಿಲ್ಲಿಸಿ, ಈ ಎರಡು ಸಂಗತಿಗಳನ್ನು ಹೇಳಿದರೆ ಒಂದು ಪಾಠವಾದಂತಾಗುತ್ತದೆ.

ತುದಿಯಲ್ಲಿ ಕುಳಿತ ಹುಡುಗ

ಸಿಕಂದರನು ಪಟ್ಟಕ್ಕೆ ಬಂದಾಗ ಅವನಿಗೆ ಸುಮಾರು ನಾಲ್ಕು ವರ್ಷ. ಅಧಿಕಾರಕ್ಕಾಗಿ ಸರದಾರರು ಬಡಿದಾಡಿದರು; ಒಬ್ಬರ ಬಳಿಕ ಒಬ್ಬರು ರಾಜ್ಯದ ಸೂತ್ರವನ್ನು ಹಿಡಿದರು. ಈ ಚಿತ್ರವನ್ನು ಬರೆದಾಗ ಅವನು ಹನ್ನೆರಡರ ಆಸುಪಾಸಿನವನು. ೧೬೮೫ರಲ್ಲಿ ಔರಂಗಜೇಬನ ಸೈನ್ಯವು ಬಿಜಾಪುರಕ್ಕೆ ಮುತ್ತಿಗೆ ಹಾಕಿತು. ೧೬೮೬ರ ಸೆಪ್ಟೆಂಬರ್ ೧೨ರಂದು ಕೋಟೆಯು ಬಿದ್ದಿತು. ಸಿಕಂದರನು ಸೆರೆಯಾಳಾಗಿ ಬಾಳಿ, ೧೭೦೦ರಲ್ಲಿ ಸೆರೆಯಲ್ಲಿಯೇ ಕೊನೆಯುಸಿರೆಳೆದನು.

ಬಿಜಾಪುರಕ್ಕೆ ಹೋದವರು ಆ ಮನೆತನದ ಮೂರು ಸಮಾಧಿಗಳನ್ನು ಒಂದರ ಬಳಿಕ ಒಂದನ್ನು ನೋಡಬೇಕು. ಅಜ್ಜನಾದ ಮುಹಮ್ಮದನು ಒಳವ್ಯಾಸವೇ ಸುಮಾರು ೧೨೪ ಅಡಿಯಿರುವ ಗೋಲಗುಮ್ಮಟದ ಕೆಳಗೆ ಮಲಗಿದ್ದಾನೆ. ತಂದೆಯಾದ ಎರಡನೆಯ ಅಲಿಯ ಸಮಾಧಿ ಬಾರಾಕಮಾನ್. ಅದರ ಕಮಾನುಗಳು ಅರ್ಧಕ್ಕೇ ನಿಂತು, ಮೇಲ್ಛಾವಣಿಯಿಲ್ಲದೆ ಆಕಾಶವನ್ನು ನೋಡುತ್ತಿವೆ. ಮಗನಾದ ಸಿಕಂದರನದು ಬಯಲಿನ ಒಂದು ಸರಳ ಗೋರಿ. ಮೂರು ತಲೆಮಾರುಗಳಲ್ಲಿ ಒಂದು ರಾಜ್ಯವು ಏರಿ ಇಳಿದ ಬಗೆಯನ್ನು ಯಾವ ಚರಿತ್ರೆಯ ಪುಸ್ತಕವೂ ಇಷ್ಟು ಚುಟುಕಾಗಿ ಹೇಳಲಾರದು.

ಇದನ್ನು ತಿಳಿದ ಮೇಲೆ ಚಿತ್ರದ ಕಡೆಗೆ ಮತ್ತೊಮ್ಮೆ ತಿರುಗಿದರೆ, ತುದಿಯಲ್ಲಿ ಕುಳಿತ ಹುಡುಗನು ಬೇರೆಯಾಗಿ ಕಾಣುತ್ತಾನೆ. ಇಬ್ಬರು ಚಿತ್ರಕಾರರಿಗೆ ಮುಂದಿನ ಆರು ವರ್ಷಗಳ ಕಥೆ ಗೊತ್ತಿರಲಿಲ್ಲ. ಆದರೆ ರಾಜ್ಯದ ಸ್ಥಿತಿಯಂತೂ ಗೊತ್ತಿತ್ತು. ದಂಡಿಲ್ಲ, ಬೊಕ್ಕಸವಿಲ್ಲ, ಆಳುವವನು ಬಾಲಕ. ಅವರ ಕೈಯಲ್ಲಿ ಇದ್ದದ್ದು ಕುಂಚ. ಆ ಬಾಲಕನಿಗೆ ಅವರು ಅವನ ಹಿರಿಯರೆಲ್ಲರನ್ನೂ ಕರೆತಂದು ಜೊತೆಗೆ ಕೂರಿಸಿದರು. ರಾಜ್ಯವನ್ನು ಉಳಿಸುವುದು ಅವರಿಂದ ಆಗಲಿಲ್ಲ, ಆಗುವಂತಹುದೂ ಅಲ್ಲ. ಒಂದು ಮನೆತನವಿತ್ತೆಂಬ ನೆನಪು ಮಾತ್ರ ಅವರಿಂದ ಉಳಿಯಿತು.

ಚದುರಿಹೋದ ಚಿತ್ರಗಳು

ರಾಜ್ಯವು ಬಿದ್ದ ಮೇಲೆ ಬಿಜಾಪುರದ ಚಿತ್ರಗಳು ನಾನಾ ದಿಕ್ಕಿಗೆ ಹೋದವು. ಔರಂಗಜೇಬನ ಪರವಾಗಿ ದಕ್ಷಿಣದಲ್ಲಿ ಸೇವೆ ಸಲ್ಲಿಸಿದ ರಾಜಾ ಅನೂಪ್ ಸಿಂಹನ ಮೂಲಕ ದಕ್ಕನಿ ಚಿತ್ರಗಳು ರಾಜಸ್ಥಾನದ ಬಿಕಾನೇರನ್ನು ಸೇರಿದವು. ಲಂಡನ್, ಪ್ರಾಗ್, ನ್ಯೂಯಾರ್ಕ್‌ಗಳ ಸಂಗತಿಯನ್ನು ಮೇಲೆಯೇ ಹೇಳಿದ್ದೇವೆ. ಹದಿನೇಳನೆಯ ಶತಮಾನದಲ್ಲಿಯೇ ನಮ್ಮ ದೇಶದ ಭಾವಚಿತ್ರಗಳು ಡಚ್ಚರ ಹಡಗುಗಳಲ್ಲಿ ಯುರೋಪಿಗೆ ಹೋಗತೊಡಗಿದ್ದವು. ಜಗತ್ತಿನ ಮಹಾ ಚಿತ್ರಕಾರರಲ್ಲಿ ಒಬ್ಬನಾದ ರೆಂಬ್ರಾಂಟನು ೧೬೫೬ರಿಂದ ೧೬೬೧ರ ನಡುವೆ ಮೊಗಲ್ ಭಾವಚಿತ್ರಗಳನ್ನು ಎದುರಿಗಿಟ್ಟುಕೊಂಡು ತನ್ನ ಕೈಯಾರೆ ಪ್ರತಿಮಾಡಿದನು. ಅಂತಹ ಸುಮಾರು ೨೩ ರೇಖಾಚಿತ್ರಗಳು ಇಂದಿಗೂ ಉಳಿದಿವೆ. ಪರರ ಮುಖವನ್ನು ಬರೆಯುವುದರಲ್ಲಿ ತಾನೇ ನಿಸ್ಸೀಮನಾಗಿದ್ದವನು ನಮ್ಮವರ ಎಳೆಗೂದಲಿನಂತಹ ರೇಖೆಯಿಂದ ಕಲಿಯುವುದಿದೆಯೆಂದು ಕಂಡನು.

ಊರಿನಲ್ಲಿಯೇ ಉಳಿದವೂ ಕೆಲವುಂಟು. ಬಿಜಾಪುರದ ಅಸರಮಹಲಿನ ಮತ್ತು ಹತ್ತಿರದ ಕುಮಟಗಿಯ ಜಲಮಂದಿರಗಳ ಗೋಡೆಗಳ ಮೇಲೆ ಆ ಕಾಲದ ಚಿತ್ರಗಳು ಮಾಸಿ ನಿಂತಿವೆ. ಗೋಲಗುಮ್ಮಟದ ಎದುರಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಆದಿಲಶಾಹಿ ಕಾಲದ ಹಲವು ವಸ್ತುಗಳನ್ನು ಕಾಣಬಹುದು. ಗುಮ್ಮಟದೊಳಗೆ ಕೂಗಿ ಪ್ರತಿಧ್ವನಿಯನ್ನು ಕೇಳಿ ಹಿಂದಿರುಗುವ ಪ್ರವಾಸಿಗರು ಈ ಕಟ್ಟಡದೊಳಗೂ ಒಂದು ಗಳಿಗೆ ನಿಂತು ಬರುವುದು ಒಳಿತು.

ನಾಡಿನ ಚಿತ್ರಗಳು ನಾಡಿನ ಹೊರಗೆ ಇರುವುದನ್ನು ಕುರಿತು ವ್ಯಥೆಪಡುವವರುಂಟು. ಆ ವ್ಯಥೆ ಸಹಜವೇ. ಆದರೆ ನಾವೂ ಗೆರೆಯ ಈಚೆಗೆ ಇರುವವರಲ್ಲವೇ? ೧೯೫೬ರಲ್ಲಿ ರಾಜ್ಯಗಳ ಗಡಿಗಳನ್ನು ಎಳೆದಾಗ ಮಾತು ಆಚೆಗೂ ಈಚೆಗೂ ಹರಿದು ಹಂಚಿಹೋಯಿತು. ಆ ಹಾಳೆಯು ನ್ಯೂಯಾರ್ಕಿನಲ್ಲಿದ್ದರೂ ಬಿಜಾಪುರದ್ದೆಂದೇ ಕರೆಸಿಕೊಳ್ಳುತ್ತಿರುವುದು ಏತರಿಂದ? ಅದರೊಡನೆ ಹೆಸರುಗಳು ಉಳಿದುಕೊಂಡು ಬಂದುದರಿಂದ. ಮುಖಗಳು ಯಾರವು, ಬರೆದವರು ಯಾರು, ಊರು ಯಾವುದು ಎಂಬ ಈ ಮೂರು ಮಾತುಗಳು ಅಳಿದಿದ್ದರೆ ಅದು ಹೊಳೆಯುವ ಒಂದು ಕಾಗದದ ತುಂಡಾಗಿ ಉಳಿಯುತ್ತಿತ್ತು.

ನಮ್ಮ ಗಡಿನಾಡಿನ ಮನೆಗಳಲ್ಲಿ ಇಂದು ಆಗುತ್ತಿರುವುದು ಇದೇ ಎಂಬುದನ್ನು ಖೇದದಿಂದ ಹೇಳಬೇಕಾಗಿದೆ. ಗೋಡೆಯ ಮೇಲಿನ ಹಳೆಯ ಪಟದಲ್ಲಿ ಆರೇಳು ಜನರಿರುತ್ತಾರೆ. ಯಾರು ಯಾರೆಂದು ಮನೆಯ ಮಕ್ಕಳನ್ನು ಕೇಳಿದರೆ ತಿಳಿಯದು. ಅಜ್ಜನ ಹೆಸರು ಹೇಗೋ ಜಮೀನಿನ ಪತ್ರದಲ್ಲಿ ಸಿಕ್ಕೀತು. ಅಜ್ಜಿಯ ಹೆಸರು ಎಲ್ಲಿಯೂ ಸಿಗದು. ಮಕ್ಕಳು ಶಾಲೆಯಲ್ಲಿ ಕಲಿಯುವ ಅಕ್ಷರ ಬೇರೆ, ಮನೆಯ ಮಾತಿನ ಅಕ್ಷರ ಬೇರೆಯಾದಾಗ ಈ ಮರೆವು ಇನ್ನೂ ಬೇಗ ಕವಿಯುತ್ತದೆ. ಹೆಸರನ್ನು ಬಲ್ಲ ಹಿರಿಯರೊಬ್ಬರು ತೀರಿಕೊಂಡ ದಿನ ಆ ಪಟದಲ್ಲಿರುವ ಅಷ್ಟೂ ಜನರು ಎರಡನೆಯ ಸಲ ತೀರಿಕೊಳ್ಳುತ್ತಾರೆ.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಬರುವ ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುವಾಗ ಗೋಡೆಯ ಪಟಗಳನ್ನು ಹೇಗೂ ಇಳಿಸುತ್ತೀರಿ. ಆಗ ಮನೆಯ ಹಿರಿಯರನ್ನು ನಡುವೆ ಕೂರಿಸಿಕೊಂಡು, ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರನ್ನೂ ಕೇಳಿ, ಪಟದ ಹಿಂಬದಿಯ ರಟ್ಟಿನ ಮೇಲೆ ಮಕ್ಕಳ ಕೈಯಿಂದಲೇ ಕನ್ನಡದಲ್ಲಿ ಬರೆಸಿರಿ. ಹೆಂಗಸರ ಹೆಸರನ್ನು 'ಇಂಥವರ ಹೆಂಡತಿ' ಎಂದು ಮುಗಿಸದೆ ಅವರ ಸ್ವಂತ ಹೆಸರನ್ನೂ ತವರೂರನ್ನೂ ಬರೆಸಿರಿ. ಪಟ ತೆಗೆದವರು ಯಾರು, ಯಾವ ಊರಿನ ಸ್ಟುಡಿಯೋ ಎಂಬುದು ತಿಳಿದಿದ್ದರೆ ಅದನ್ನೂ ಬಿಡಬೇಡಿ. ಕಮಾಲ್ ಮುಹಮ್ಮದ್, ಚಾಂದ್ ಮುಹಮ್ಮದರಿಗೆ ಸಂದ ಗೌರವ ಅವರಿಗೂ ಸಲ್ಲಲಿ. ಈ ಕೆಲಸಕ್ಕೆ ಅಳಿಲಿನ ಕೂದಲಿನ ಕುಂಚವಾಗಲಿ ಅರೆದ ಚಿನ್ನವಾಗಲಿ ಬೇಕಾಗಿಲ್ಲ. ಒಂದು ಸೀಸದ ಕಡ್ಡಿ ಮತ್ತು ಒಂದು ಮಧ್ಯಾಹ್ನದ ಬಿಡುವು ಇದ್ದರೆ ಸಾಕು.